ತಳ ಕಾಣದ ಡಬ್ಬಿಗಳು: ಮನೆಯಲ್ಲಿ ಸಾಮಾನು ಯಾಕೆ ತುಂಬುತ್ತದೆ?

ಹೋದ ವರ್ಷ ದಸರಾಕ್ಕೆ ಮೊದಲು ಧಾರವಾಡದ ಮಾಳಮಡ್ಡಿಯಲ್ಲಿರುವ ಅವ್ವನ ಮನೆಗೆ ಸುಣ್ಣ ಹಚ್ಚಿಸಿದೆವು. ಸುಣ್ಣ ಅನ್ನುವುದು ರೂಢಿಯ ಮಾತು, ಹಚ್ಚಿದ್ದು ಡಿಸ್ಟೆಂಪರ್. ಬಣ್ಣದವರು ಬರುವ ಮುಂಚೆ ಅಟ್ಟದ ಮೇಲಿನದ್ದನ್ನೆಲ್ಲ ಪಡಸಾಲೆಗೆ ಇಳಿಸಬೇಕಾಯಿತು. ಅದಕ್ಕೇ ಎರಡು ದಿನ ಹಿಡಿಯಿತು. ಗಾಜಿನ ಖಾಲಿ ಬಾಟಲಿ 31. ಪೇಡೆಯ ಖಾಲಿ ಡಬ್ಬಿ 19. ಹಿಡಿಕೆ ಮುರಿದ ಕುಕ್ಕರ್ 3. ಮುಚ್ಚಳ ಇಲ್ಲದ ಡಬ್ಬಿಗಳು ಬೇಕಾದಷ್ಟು, ಡಬ್ಬಿ ಇಲ್ಲದ ಮುಚ್ಚಳಗಳು ಅದಕ್ಕಿಂತ ಜಾಸ್ತಿ. ನಾನು ಏಳನೇ ಇಯತ್ತೆಯಲ್ಲಿ ಬಳಸಿದ ಕಂಪಾಸ್ ಪೆಟ್ಟಿಗೆಯೂ ಸಿಕ್ಕಿತು, ಒಳಗೆ ಅರ್ಧ ತಿಂದ ರಬ್ಬರ್ ಸಮೇತ.

ಯಾವುದನ್ನು ಎತ್ತಿ ತೋರಿಸಿದರೂ ಅವ್ವನದು ಒಂದೇ ಉತ್ತರ. "ಇರ್ಲಿ ಬಿಡ, ಯಾವಾಗರ ಬೇಕಾಗತೈತಿ."

ಹಾಗೂ ಹೀಗೂ ಜಗಳ ಮಾಡಿ ಒಂದು ಟಂಟಂ ತುಂಬ ಸಾಮಾನು ಹೊರಗೆ ಕಳಿಸಿದೆವು. ಅಟ್ಟ ಕನ್ನಡಿಯಂತಾಯಿತು. ಮುಂದೆ ಯುಗಾದಿಗೆ ಹೋದಾಗ ಏಣಿ ಹತ್ತಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮತ್ತೆ ತುಂಬಿತ್ತು. ಅವ್ವನಿಗೆ ಬೈಯುವ ಯೋಗ್ಯತೆ ನನಗಿಲ್ಲ. ಹುಬ್ಬಳ್ಳಿಯ ನನ್ನ ಬಾಡಿಗೆ ಮನೆಯಲ್ಲಿ ಒಂದು ಬಾಗಿಲು ಪೂರ್ತಿ ತೆಗೆಯಲು ಬರುವುದಿಲ್ಲ, ಹಿಂದೆ ಗೋಧಿಯ ಡಬ್ಬಿ ಮತ್ತು ಹಳೇ ಟಿವಿ ಇವೆ. ಹಾಗಾಗಿ ಪ್ರಶ್ನೆ ಇಬ್ಬರದೂ. ತೆಗೆದಷ್ಟೂ ತುಂಬುವುದು ಯಾಕೆ?

ಇದಕ್ಕೆ ಒಂದು ಲೆಕ್ಕ ಇದೆ, ಬಹಳ ಸರಳವಾದದ್ದು. ಅಮೆರಿಕದ ಜಾನ್ ಲಿಟಲ್ ಎಂಬುವರು 1961ರಲ್ಲಿ ಅದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಅವರು ನೋಡುತ್ತಿದ್ದದ್ದು ಸಾಲುಗಳನ್ನು. ಬ್ಯಾಂಕಿನ ಸಾಲಿನಲ್ಲಿ ಒಂದು ಹೊತ್ತಿಗೆ ಸರಾಸರಿ ಎಷ್ಟು ಜನ ಇರುತ್ತಾರೆ? ಗಂಟೆಗೆ ಎಷ್ಟು ಜನ ಬರುತ್ತಾರೆ ಅನ್ನುವುದನ್ನು, ಒಬ್ಬೊಬ್ಬರು ಸರಾಸರಿ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದರಿಂದ ಗುಣಿಸಿದರೆ ಆಯಿತು. ಬರುವುದು, ಹೋಗುವುದು ಹೆಚ್ಚುಕಡಿಮೆ ಸ್ಥಿರವಾಗಿದ್ದರೆ ಈ ಲೆಕ್ಕ ಎಲ್ಲಿಗೂ ಹೊಂದುತ್ತದೆ. ಆಸ್ಪತ್ರೆಯ ಹಾಸಿಗೆಗೂ, ಕಾರ್ಖಾನೆಯ ಗೋದಾಮಿಗೂ, ಅವ್ವನ ಟ್ರಂಕಿಗೂ.

ಟ್ರಂಕಿನ ಲೆಕ್ಕವನ್ನೇ ಹಾಕೋಣ. ಒಂದು ಮನೆಗೆ ವರ್ಷಕ್ಕೆ 12 ಸೀರೆ ಬರುತ್ತವೆ ಅಂದುಕೊಳ್ಳಿ. ಕೊಂಡದ್ದು ನಾಲ್ಕು, ಮದುವೆ–ಸೀಮಂತದಲ್ಲಿ ಆಹೇರಿ ಬಂದದ್ದು ಎಂಟು. ಒಂದೊಂದು ಸೀರೆ ಮನೆಯಲ್ಲಿ 20 ವರ್ಷ ಇರುತ್ತದೆ ಅಂದರೆ ಟ್ರಂಕು ಕೊನೆಗೆ ನಿಲ್ಲುವುದು 240 ಸೀರೆಗೆ. ಒಂದು ಭಾನುವಾರ ಹುಮ್ಮಸ್ಸು ಬಂದು 100 ಸೀರೆ ತೆಗೆದು ಕೊಟ್ಟಿರಿ. ಏನು ಬದಲಾಯಿತು? ವರ್ಷಕ್ಕೆ ಬರುವ 12 ಹಾಗೇ ಇದೆ. ಹೊಸದಾಗಿ ಬಂದದ್ದು 20 ವರ್ಷ ಕೂರುವ ಅಭ್ಯಾಸವೂ ಹಾಗೇ ಇದೆ. ಟ್ರಂಕು ಮತ್ತೆ 240ರ ಕಡೆಗೇ ನಡೆಯುತ್ತದೆ. ಅದೇ, ಸೀರೆ ಎಂಟು ವರ್ಷಕ್ಕೆ ಮನೆ ಬಿಡುವ ಹಾಗೆ ಆದರೆ ಸಂಖ್ಯೆ 96ಕ್ಕೆ ನಿಲ್ಲುತ್ತದೆ. ಯಾರೂ ಟ್ರಂಕು ಬರಿದು ಮಾಡುವ ಗಲಾಟೆ ಮಾಡದಿದ್ದರೂ ಕಾಲಕ್ರಮದಲ್ಲಿ ಅಲ್ಲಿಗೇ ಬಂದು ನಿಲ್ಲುತ್ತದೆ.

ದಸರೆಯ ಸ್ವಚ್ಛತೆ ಟಾಕಿಯ ನೀರನ್ನು ಬಕೆಟ್‌ನಲ್ಲಿ ಮೊಗೆದ ಹಾಗೆ. ಮೇಲಿನ ನಳ ತೆರೆದೇ ಇದೆ, ಕೆಳಗಿನ ನಳಕ್ಕೆ ತುಕ್ಕು ಹಿಡಿದಿದೆ. ಮನೆ ಹಗುರಾಗಬೇಕಾದರೆ ಈ ಎರಡು ನಳಗಳ ಹತ್ತಿರವೇ ಹೋಗಬೇಕು.

ನಳದ ಮಾತು ಬಂತು. ಹುಬ್ಬಳ್ಳಿ–ಧಾರವಾಡದವರಿಗೆ ನೀರಿನ ಉದಾಹರಣೆ ಕೊಟ್ಟರೆ ಬೇರೆ ವಿವರಣೆ ಬೇಕಿಲ್ಲ. ಮಲಪ್ರಭೆಯ ನೀರು ಸವದತ್ತಿ ಹತ್ತಿರದ ನವಿಲುತೀರ್ಥದಿಂದ ನಮಗೆ ಬರುತ್ತದೆ. ಆದರೆ ದಿನಾ ಬರುವುದಿಲ್ಲ. ಒಂದೊಂದು ಓಣಿಗೆ ಒಂದೊಂದು ಪಾಳಿ. ಹಾಗಾಗಿ ನಮ್ಮ ಮನೆಗಳಲ್ಲಿ ಕೊಡ, ಬಕೆಟ್, ಡ್ರಮ್ಮು, ಬ್ಯಾರಲ್ ಎಲ್ಲ ಇರುತ್ತವೆ. ಬೆಂಗಳೂರಿನಿಂದ ಬಂದ ನೆಂಟರು ಬಚ್ಚಲಮನೆ ನೋಡಿ, "ಇಷ್ಟೊಂದು ಯಾಕೆ?" ಅಂತ ಕೇಳುತ್ತಾರೆ. ಲೆಕ್ಕ ಹೇಳಿದರೆ ಸುಮ್ಮನಾಗುತ್ತಾರೆ. ನಾಲ್ಕು ಜನರಿಗೆ ದಿನಕ್ಕೆ 300 ಲೀಟರ್ ಅಂದರೂ ಪಾಳಿ ಎಂಟು ದಿನಕ್ಕೊಮ್ಮೆ ಬಂದರೆ 2,400 ಲೀಟರ್. ಪಾಳಿ ಎರಡು ದಿನ ತಪ್ಪಬಹುದು ಅನ್ನುವ ಹೆದರಿಕೆಗೆ ಇನ್ನೊಂದು 600. ಒಟ್ಟು 3,000 ಲೀಟರ್ ಹಿಡಿಯುವಷ್ಟು ಪಾತ್ರೆ ಬೇಕು. ದಿನಾ ನೀರು ಬಂದರೆ, ಒಂದು ದಿನ ತಪ್ಪಿದರೂ ಇರಲಿ ಅಂತ ಇಟ್ಟರೂ, 600 ಲೀಟರಿಗೇ ಮುಗಿಯುತ್ತಿತ್ತು.

ಮನೆಯಲ್ಲಿ ಎಷ್ಟು ಇಟ್ಟುಕೊಳ್ಳುತ್ತೇವೆ ಅನ್ನುವುದು ಎಷ್ಟು ಬೇಕು ಅನ್ನುವುದರ ಮೇಲೆ ಮಾತ್ರ ನಿಂತಿಲ್ಲ, ನೋಡಿ. ಮತ್ತೆ ಯಾವಾಗ ಸಿಗುತ್ತದೆ, ಅಂದುಕೊಂಡ ದಿನಕ್ಕೆ ಸಿಗುತ್ತದೆಯೋ ಇಲ್ಲವೋ, ಇವೆರಡೂ ಸೇರಿಕೊಳ್ಳುತ್ತವೆ. ನಂಬಿಕೆ ಕಡಿಮೆ ಇದ್ದಲ್ಲಿ ಸಾಮಾನು ಜಾಸ್ತಿ. ಅವ್ವ ಬೆಳೆದ ಕಾಲದಲ್ಲಿ ಸಕ್ಕರೆಗೂ ಸೀಮೆಎಣ್ಣೆಗೂ ರೇಷನ್ ಸಾಲು. ಗಾಜಿನ ಬಾಟಲಿ ಅಂದರೆ ಬೆಲೆಬಾಳುವ ವಸ್ತು. ಆಗ "ಇರ್ಲಿ ಬಿಡ" ಅಂದದ್ದು ಜಾಣತನವೇ.

ತಮಾಷೆ ಇರುವುದು ಮುಂದೆ. 2008ರ ಹೊತ್ತಿಗೆ ನಮ್ಮ ಅವಳಿ ನಗರದ ಕೆಲವು ವಾರ್ಡುಗಳಿಗೆ ಪ್ರಯೋಗವಾಗಿ 24 ಗಂಟೆ ನೀರು ಕೊಟ್ಟರು. ಅಲ್ಲಿಯವರು ಡ್ರಮ್ಮು ಬಿಟ್ಟರೇ? ಇಲ್ಲಿನ ನೀರು ಪೂರೈಕೆಯ ಬಗ್ಗೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ನಳದಲ್ಲಿ ಸದಾ ನೀರಿದ್ದರೂ ತುಂಬಿಡುವ ರೂಢಿ ಹೋಗಿರಲಿಲ್ಲ. ಕೊರತೆ ಹೋದ ಮೇಲೂ ಕೊರತೆಯ ಅಭ್ಯಾಸ ಉಳಿಯುತ್ತದೆ. ಅವ್ವನ 31 ಬಾಟಲಿಗಳು ಆ ಡ್ರಮ್ಮುಗಳ ಬಂಧುಗಳೇ.

ಹಾಗಂತ ಡ್ರಮ್ಮು ಎಸೆಯಿರಿ ಅನ್ನುವವಳು ನಾನಲ್ಲ. ಮೊಬೈಲ್ ತೆರೆದರೆ ಸಾಕು, ಬೆಳ್ಳಗಿನ ಖಾಲಿ ಕೋಣೆ, ಒಂದು ಕುರ್ಚಿ, ಒಂದು ಹೂದಾನಿ, "ಸರಳ ಬದುಕು" ಅಂತ ತೋರಿಸುತ್ತಾರೆ. ಆ ಮನೆಯ ನಳದಲ್ಲಿ ನೀರು ಯಾವಾಗಲೂ ಬರುತ್ತದೆ, ಬೇಕಾದದ್ದು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಅವರ ಗೋದಾಮು ಬೇರೆಯವರ ಹತ್ತಿರ ಇದೆ, ಅಷ್ಟೇ. ನಮ್ಮ ಕಡೆ ಎಲ್ಲ ಖಾಲಿ ಮಾಡಿ ಕೂತರೆ ಪಾಳಿ ತಪ್ಪಿದ ದಿನ ಪಕ್ಕದ ಮನೆಗೆ ಕೊಡ ಹಿಡಿದು ಹೋಗಬೇಕಾಗುತ್ತದೆ.

ಹಾಗಾದರೆ ಬೇಕಾದ ಸಂಗ್ರಹ ಯಾವುದು, ಬೇಡದ್ದು ಯಾವುದು? ನನಗೆ ಇದು ಹೊಳೆದದ್ದು ಖಾರಪುಡಿಯ ಡಬ್ಬಿಯಿಂದ. ಬೇಸಿಗೆ ಶುರುವಾಗುವ ಹೊತ್ತಿಗೆ ಅವ್ವ ಬ್ಯಾಡಗಿ ಮೆಣಸಿನಕಾಯಿ ತರಿಸಿ, ತೊಟ್ಟು ಬಿಡಿಸಿ, ಮಾಳಿಗೆಯ ಮೇಲೆ ಒಣಗಿಸಿ, ಗಿರಣಿಗೆ ಕಳಿಸುತ್ತಾಳೆ. ಇಡೀ ವರ್ಷದ ಖಾರ. ದೊಡ್ಡ ಡಬ್ಬಿ, ಅಡುಗೆಮನೆಯಲ್ಲಿ ಜಾಗವನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಮುಂದಿನ ಬೇಸಿಗೆಗೆ ಅದರ ತಳ ಕಾಣುತ್ತದೆ. ಕೊನೆಯ ಚಮಚ ಕೆರೆದು, ಡಬ್ಬಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಮತ್ತೆ ತುಂಬುತ್ತಾಳೆ. ಜೋಳದ ಡಬ್ಬಿಯೂ ಹಾಗೇ, ಹಪ್ಪಳ ಸಂಡಿಗೆಯೂ ಹಾಗೇ. ನೀರಿನ ಡ್ರಮ್ಮಂತೂ ಪ್ರತಿ ಪಾಳಿಗೂ ತಳ ಕಾಣುತ್ತದೆ.

ಖಾಲಿ ಬಾಟಲಿಗಳ ರಾಶಿ ಯಾವತ್ತಾದರೂ ತಳ ಕಂಡಿದೆಯೇ? ಕ್ಯಾರಿಬ್ಯಾಗುಗಳನ್ನು ತುರುಕಿಟ್ಟ ಕ್ಯಾರಿಬ್ಯಾಗು? ಹಳೇ ಚಾರ್ಜರ್‌ಗಳ ಖಾನೆ? ಅಲ್ಲಿ ಮಟ್ಟ ಏರುವುದೇ ಹೊರತು ಇಳಿಯುವುದಿಲ್ಲ. ಯಾವಾಗಲೋ ಒಂದು ಬಾಟಲಿ ಬೇಕಾಗುತ್ತದೆ, ನಿಜ. ಉಪ್ಪಿನಕಾಯಿ ಕೊಟ್ಟು ಕಳಿಸಲು ವರ್ಷಕ್ಕೆ ನಾಲ್ಕು ಬೇಕು. ಹಾಗಾದರೆ ಆರು ಇರಲಿ. ಉಳಿದ 25 ಯಾವ ವರ್ಷದ ಉಪ್ಪಿನಕಾಯಿಗೆ ಕಾಯುತ್ತಿವೆ? ಈ ಪ್ರಶ್ನೆಗೆ ಅವ್ವ ನಕ್ಕಳು. ನಕ್ಕ ಮೇಲೆ 25 ಬಾಟಲಿ ಹೋದವು. "ಎಲ್ಲ ಒಗಿ" ಅಂದಾಗ ಒಂದೂ ಹೋಗಿರಲಿಲ್ಲ.

ಈಗ ಕೆಳಗಿನ ನಳಕ್ಕೆ ಬರೋಣ. ಇಲ್ಲೇ ನಮ್ಮ ಕಾಲ ಹೆಚ್ಚು ಕೆಟ್ಟಿದ್ದು ಅಂತ ನನಗೆ ಅನಿಸುತ್ತದೆ. ಮೊದಲು ಮನೆಯಿಂದ ಸಾಮಾನು ಹೊರಗೆ ಹೋಗಲು ಎಷ್ಟೊಂದು ಬಾಗಿಲುಗಳಿದ್ದವು! ರದ್ದಿಯವನು ಪೇಪರ್ ಒಯ್ಯುತ್ತಿದ್ದ, ಅದು ಕಿರಾಣಿ ಅಂಗಡಿಯ ಪುಡಿಕೆಯಾಗುತ್ತಿತ್ತು. ಹಳೇ ಬಟ್ಟೆ ತೆಗೆದುಕೊಂಡು ಬಾಂಡೆ, ಅಂದರೆ ಪಾತ್ರೆ, ಕೊಡುವ ಹೆಂಗಸರು ಬುಟ್ಟಿ ಹೊತ್ತು ಬರುತ್ತಿದ್ದರು. ತಾಮ್ರ ಹಿತ್ತಾಳೆ ತೂಕಕ್ಕೆ ಹೋಗಿ ಕರಗುತ್ತಿದ್ದವು. ಎಲ್ಲಕ್ಕಿಂತ ಒಳ್ಳೇ ಬಾಗಿಲು ಕೌದಿ. ಉಟ್ಟು ಮೆತ್ತಗಾದ ಹತ್ತಿ ಸೀರೆ ಪದರ ಪದರವಾಗಿ ಕೌದಿಯೊಳಗೆ ಹೋಗುತ್ತಿತ್ತು. ಧೋತರ ಕೂಸಿನ ಅರಿವೆಯಾಗುತ್ತಿತ್ತು. ಕೌದಿ ಹರಿದರೆ ಕಾಲೊರಸು, ಕಾಲೊರಸು ಹರಿದರೆ ಒಲೆಯ ಮಸಿ ಅರಿವೆ. ಒಂದು ಸೀರೆ ನಾಲ್ಕು ಜನ್ಮ ಎತ್ತಿ ಹೋಗುತ್ತಿತ್ತು, ಟ್ರಂಕಿನಲ್ಲಿ ಕೂರುತ್ತಿರಲಿಲ್ಲ.

ಈ ಸಲ ನಾವೂ ಕೌದಿ ಹೊಲಿಯುವವರನ್ನು ಕರೆಸಿದೆವು. ವಯಸ್ಸಾದ ಹೆಣ್ಣುಮಗಳು. ಕಟ್ಟೆಯ ಮೇಲೆ ಕೂತು ನಾನು ತಂದಿಟ್ಟ 23 ಸೀರೆಗಳನ್ನು ಒಂದೊಂದಾಗಿ ಎಳೆದುಕೊಂಡರು. ಸೆರಗಿನ ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ನೋಡುವುದು, ಎಡಕ್ಕೋ ಬಲಕ್ಕೋ ಹಾಕುವುದು. ಬಣ್ಣ ನೋಡಲಿಲ್ಲ, ಜರಿ ನೋಡಲಿಲ್ಲ. ಬಲಕ್ಕೆ ಬಿದ್ದದ್ದು ಏಳೇ ಏಳು. ಎಡಗಡೆಯ ರಾಶಿಯಲ್ಲಿ ನನಗೆ ಚಂದ ಕಂಡ ಸೀರೆಗಳೇ ಹೆಚ್ಚು.

"ಇವು ಜಾರ್ತಾವ್ರೀ ಅಕ್ಕಾರ. ಪದರ ನಿಲ್ಲಂಗಿಲ್ಲ, ಬೆವರು ಹೀರಂಗಿಲ್ಲ. ಹೊಚ್ಚಿಕೊಂಡ್ರ ಚಳಿಗೂ ಬರಂಗಿಲ್ಲ, ಸೆಕಿಗೂ ಬರಂಗಿಲ್ಲ."

ಎಲ್ಲ ಪಾಲಿಯೆಸ್ಟರ್. ಅಗ್ಗ, ಹರಿಯುವುದಿಲ್ಲ, ಬಣ್ಣ ಹೋಗುವುದಿಲ್ಲ. ಹರಿಯದೇ ಇರುವುದೇ ಈಗ ತೊಂದರೆ. ನೆಲ ಒರೆಸಲೂ ಬರುವುದಿಲ್ಲ, ನೀರು ಹೀರಬೇಕಲ್ಲ? ಇದೇ ಕಥೆ ಮಿಕ್ಸರ್‌ನದು, ಆಟಿಕೆಯದು, ಬೂಟಿನದು. ಪ್ಲಾಸ್ಟಿಕ್, ರಬ್ಬರ್, ತಗಡು ಎಲ್ಲ ಅಂಟಿಕೊಂಡ ವಸ್ತುವನ್ನು ಗುಜರಿಯವನೂ ಹಿಂದೆ ಮುಂದೆ ನೋಡಿ ಒಯ್ಯುತ್ತಾನೆ. ಬರುವ ನಳ ದೊಡ್ಡದಾಯಿತು ಅಂತ ಎಲ್ಲರೂ ಹೇಳುತ್ತಾರೆ, ಆ್ಯಪು, ಆಫರು, ಸೇಲು. ಹೋಗುವ ನಳ ಮುಚ್ಚಿದ್ದು ಯಾರ ಗಮನಕ್ಕೂ ಬರಲಿಲ್ಲ. ಈಗ ನಾನು ಬಟ್ಟೆ ಕೊಳ್ಳುವಾಗ ಆ ಅಜ್ಜಿಯ ಹಾಗೆ ಬೆರಳಲ್ಲಿ ತಿಕ್ಕಿ ನೋಡುತ್ತೇನೆ. ಇದು ಹಳೆಯದಾದ ಮೇಲೆ ಏನಾಗುತ್ತದೆ?

ಬಾಗಿಲು ಇದ್ದರೂ ಕೈ ಬಿಡುವುದಿಲ್ಲ ಅನ್ನುವುದು ಬೇರೆ ಸಮಸ್ಯೆ. 1990ರಲ್ಲಿ ಡೇನಿಯಲ್ ಕಾನ್‌ಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಕಾಫಿ ಕಪ್ಪುಗಳನ್ನು ಇಟ್ಟುಕೊಂಡು ಮಾಡಿದ ಪ್ರಯೋಗ ಪ್ರಕಟವಾಯಿತು. ತರಗತಿಯಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಪ್ಪು ಕೊಟ್ಟು, "ಎಷ್ಟಕ್ಕೆ ಮಾರುತ್ತೀರಿ?" ಅಂತ ಕೇಳಿದರು. ಇನ್ನರ್ಧಕ್ಕೆ, "ಎಷ್ಟು ಕೊಟ್ಟು ಕೊಳ್ಳುತ್ತೀರಿ?" ಅಂತ. ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು. ಕಪ್ಪು ಒಂದೇ, ಕೈಗೆ ಬಂದು ಸ್ವಲ್ಪ ಹೊತ್ತು ಅಷ್ಟೇ ಆಗಿತ್ತು. ನಮ್ಮದು ಅಂತ ಆದ ಕೂಡಲೇ ಅದನ್ನು ಬಿಡುವುದು ನಷ್ಟವಾಗಿ ಕಾಣುತ್ತದೆ. ಸಿಗುವ ಸಂತೋಷಕ್ಕಿಂತ ಹೋಗುವ ಸಂಕಟ ಮನಸ್ಸಿಗೆ ದೊಡ್ಡದು. ರದ್ದಿಯವನು ತಕ್ಕಡಿ ಹಿಡಿದಾಗಲೆಲ್ಲ ನಮಗೆ ಮೋಸ ಆಯಿತು ಅನ್ನಿಸುವುದಕ್ಕೆ ಅವನ ತಕ್ಕಡಿಯೊಂದೇ ಕಾರಣ ಇರಲಿಕ್ಕಿಲ್ಲ.

ಇದಕ್ಕೆ ನಾನು ಬಳಸುವ ಉಪಾಯ: ಆ ವಸ್ತುವನ್ನು ಮನಸ್ಸಿನಲ್ಲೇ ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಒಯ್ದು ಇಡುವುದು. ಗಾಡಿಯ ಮೇಲೆ ಈ ಇಡ್ಲಿ ಸ್ಟ್ಯಾಂಡ್ ಇದೆ, ಒಂದು ಕಿವಿ ಮುರಿದಿದೆ, ಬೆಲೆ ಇಪ್ಪತ್ತು ರೂಪಾಯಿ. ಕೊಳ್ಳುತ್ತೇನೆಯೇ? ಇಪ್ಪತ್ತು ಕೊಟ್ಟು ತರದೇ ಇರುವುದನ್ನು ಮನೆಯಲ್ಲಿ ಯಾಕೆ ಸಾಕಬೇಕು?

ಸಾಕುವುದು ಅಂದೆ. ಖರ್ಚು ಇದೆ, ಅದಕ್ಕೇ. 800 ಚದರಡಿ ಮನೆಗೆ ತಿಂಗಳಿಗೆ 12,000 ಬಾಡಿಗೆ ಅಂದುಕೊಳ್ಳಿ. ಚದರಡಿಗೆ 15 ರೂಪಾಯಿ. ನನ್ನ ಆ ಬಾಗಿಲ ಹಿಂದಿನ ಮೂಲೆ 20 ಚದರಡಿ. ತಿಂಗಳಿಗೆ 300, ವರ್ಷಕ್ಕೆ 3,600. ಕೆಟ್ಟ ಟಿವಿಗೆ ಐದು ವರ್ಷದಿಂದ ನಾನು ಬಾಡಿಗೆ ಕಟ್ಟುತ್ತಿದ್ದೇನೆ. ಸ್ವಂತ ಮನೆಯವರಿಗೂ ಈ ಲೆಕ್ಕ ತಪ್ಪಿದ್ದಲ್ಲ, ಚೀಟಿ ಕೈಗೆ ಬರುವುದಿಲ್ಲ ಅಷ್ಟೇ.

ಮೇಲಿನ ನಳದ ವಿಷಯದಲ್ಲಿ ಕಷ್ಟದ್ದು ಕೊಳ್ಳುವುದಕ್ಕಿಂತ ಕೊಟ್ಟದ್ದು. ಉಡುಗೊರೆ ಬೇಡ ಅನ್ನಲು ನಮ್ಮ ಕಡೆ ಬಾಯಿ ಬರುವುದಿಲ್ಲ. ಉಡಿ ತುಂಬಿದರೆ ಖಣ, ಮದುವೆಗೆ ಹೋದರೆ ಟಾವೆಲ್ ಟೋಪಿ, ಗೃಹಪ್ರವೇಶಕ್ಕೆ ಸ್ಟೀಲ್ ಡಬ್ಬಿ. ಇದರಲ್ಲಿ ಒಂದು ವಿಚಿತ್ರ ಗಮನಿಸಿ. ಖಣದಿಂದ ಮನೆ ಅಷ್ಟಾಗಿ ತುಂಬುವುದಿಲ್ಲ. ಹೊಲಿಸಿಕೊಳ್ಳಲು ಬಾರದ ಜಂಪರ್ ಪೀಸ್ ಬಂದರೂ ಅದು ಮುಂದಿನ ಶುಕ್ರವಾರ ಇನ್ನೊಬ್ಬರ ಉಡಿಗೆ ಹೋಗುತ್ತದೆ. ನೋಟಿನ ಹಾಗೆ ಊರೆಲ್ಲ ತಿರುಗುತ್ತದೆ, ಎಲ್ಲೂ ಬಹಳ ದಿನ ನಿಲ್ಲುವುದಿಲ್ಲ. ಸ್ಟೀಲ್ ಡಬ್ಬಿಯದು ಹಾಗಲ್ಲ. ಅದರ ಮೇಲೆ ಕೊಟ್ಟವರ ಹೆಸರು, ತಾರೀಖು ಕೆತ್ತಿಸಿರುತ್ತಾರೆ. ಹೆಸರು ಕೆತ್ತಿದ ಗಳಿಗೆಗೇ ಅದು ಮುಂದೆ ಹೋಗುವ ದಾರಿ ಮುಚ್ಚಿತು. ಕೊಡುವವರಿಗೆ ನನ್ನದು ಒಂದೇ ವಿನಂತಿ: ಡಬ್ಬಿ ಕೊಡಿ, ಹೆಸರು ಹಾಕಿಸಬೇಡಿ. ಇನ್ನೂ ಒಳ್ಳೆಯದು ಅಂದರೆ ತಿಂದು ಮುಗಿಯುವಂಥದ್ದು ಕೊಡಿ. ಕರದಂಟು, ಶೇಂಗಾ ಹೋಳಿಗೆ, ಒಂದು ಕಿಲೋ ಪೇಡೆ. (ಡಬ್ಬಿ ಉಳಿಯುತ್ತದೆ, ಗೊತ್ತು.)

ಬಾಗಿಲಲ್ಲೇ ತಡೆಯುವುದಕ್ಕೆ ನಮ್ಮಲ್ಲಿ ಹಳೆಯ ಉದಾಹರಣೆ ಇದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ತೆಗೆದಿಡಲಿಲ್ಲ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಮನೆಯೊಳಗೆ ಬಂದ ಮೇಲೆ ಬಿಡುವುದು ಕಷ್ಟ ಅನ್ನುವುದು ಅವಳಿಗೆ ಕಪ್ಪಿನ ಪ್ರಯೋಗ ಇಲ್ಲದೆಯೇ ಗೊತ್ತಿತ್ತು ಅನ್ನಿಸುತ್ತದೆ.

ಒಂದು ವಸ್ತುವನ್ನು ಹಲವು ಮನೆ ಸೇರಿ ಬಳಸುವುದೂ ಒಂದು ದಾರಿ. ನಮ್ಮ ಮನೆತನದಲ್ಲಿ ಕಲಘಟಗಿ ತೊಟ್ಟಿಲು ಒಂದಿದೆ. ಸಾಗವಾನಿಯದು, ಸುತ್ತಲೂ ಬಣ್ಣದ ಚಿತ್ರ. ನಾನು ಅದರಲ್ಲಿ ಮಲಗಿದ್ದೆ, ಕಾಕಾನ ಮಕ್ಕಳು ಮಲಗಿದ್ದರು, ನನ್ನ ಮಗಳು ಮಲಗಿದ್ದಳು. ಈಗ ಗದಗದಲ್ಲಿ ತಂಗಿಯ ಮನೆಯಲ್ಲಿದೆ. ಮುಂದೆ ಎಲ್ಲಿಗೆ ಹೋಗಬೇಕು ಅಂತಲೂ ಮಾತಾಗಿದೆ, ಹಾವೇರಿಯಲ್ಲಿ ಒಬ್ಬಳಿಗೆ ಆರು ತಿಂಗಳು. ಇಷ್ಟು ದೊಡ್ಡ ವಸ್ತು ಇದ್ದೂ ಯಾರ ಮನೆಯನ್ನೂ ಅದು ಕಟ್ಟಿಹಾಕಿಲ್ಲ. ಅದೇ ನಾನು ಹುಬ್ಬಳ್ಳಿಯಲ್ಲಿ ಕೊಂಡ ಮಡಚುವ ಕಬ್ಬಿಣದ ತೊಟ್ಟಿಲು ಇನ್ನೂ ಬಾಲ್ಕನಿಯಲ್ಲಿದೆ, ಮೇಲೆ ಟಾವೆಲ್ ಒಣಗುತ್ತವೆ. ಏಣಿ, ಡ್ರಿಲ್, ದೊಡ್ಡ ಪಾತೇಲಿ, ಶ್ಯಾವಿಗೆ ಮಣೆ, ಇವೆಲ್ಲ ಓಣಿಗೆ ಒಂದಿದ್ದರೆ ಸಾಕಾಗುವ ಸಾಮಾನು. ಕೇಳಲು ಸ್ವಲ್ಪ ನಾಚಿಕೆ ಬಿಡಬೇಕು.

ಕೊಡುವಾಗ ಮಾತ್ರ ಎಚ್ಚರ ಬೇಕು. ಆ ದಸರಾದಲ್ಲಿ ನಾನು ಎರಡು ದೊಡ್ಡ ಗಂಟು ಕಟ್ಟಿ, ಮನೆಗೆಲಸಕ್ಕೆ ಬರುವವರಿಗೆ ಧಾರಾಳವಾಗಿ ಕೊಡಲು ಹೋದೆ. ಅವರು ಗಂಟು ಬಿಚ್ಚಿ, ಎರಡು ಫ್ರಾಕ್, ಒಂದು ಬೆಡ್‌ಶೀಟ್ ಆರಿಸಿಕೊಂಡು ಉಳಿದದ್ದನ್ನು ಮತ್ತೆ ಗಂಟು ಹಾಕಿದರು. "ಸಾಕ್ರೀ ಅಕ್ಕಾರ. ನಮ್ಮನಿ ನಿಮ್ಮನಿಗಿಂತ ಸಣ್ಣದೈತ್ರಿ." ಬಹಳ ಮೆತ್ತಗೆ ಹೇಳಿದರು. ನಾನು ಅರ್ಧ ಗಂಟೆ ಸುಮ್ಮನೆ ಕೂತೆ.

ಟಿವಿ, ಮೊಬೈಲ್, ವೈರುಗಳ ಮಾತು ಬೇರೆ. ಅವನ್ನು ಕಸದ ಗಾಡಿಗೆ ಹಾಕಬಾರದು, ಸಿಕ್ಕವರಿಗೆ ಕೊಡಲೂ ಬಾರದು. ತಾಮ್ರಕ್ಕಾಗಿ ವೈರು ಸುಟ್ಟರೆ ಆ ಹೊಗೆ ನಮ್ಮ ಊರಿನ ಗಾಳಿಗೇ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ–ತ್ಯಾಜ್ಯ ನಿಯಮದಲ್ಲಿ, ಹಳೆಯದಾದ ಸಾಮಾನಿನ ಮರುಬಳಕೆಯ ಜವಾಬ್ದಾರಿಯನ್ನು ಅದನ್ನು ತಯಾರಿಸಿದವರ ಮೇಲೆ ಹೊರಿಸಿದ್ದಾರೆ. ಹೊಸದು ಕೊಳ್ಳುವ ದಿನವೇ ಅಂಗಡಿಯವರಿಗೆ "ಹಳೇದು ಒಯ್ತೀರಾ?" ಅಂತ ಕೇಳುವುದು ಸುಲಭ. ನಾನು ಕೇಳಲಿಲ್ಲ, ಅದಕ್ಕೇ ಆ ಮೂಲೆಗೆ ಬಾಡಿಗೆ ಕಟ್ಟುತ್ತಿದ್ದೇನೆ.

ಅವ್ವನ ಏಳು ಸೀರೆಯ ಕೌದಿ ಮೊನ್ನೆ ಬಂತು. ಚೆನ್ನಾಗಿದೆ, ಭಾರವಾಗಿದೆ. ಅಜ್ಜಿ ಒಂದು ಮೂಲೆಗೆ ನನ್ನ ಕಂಪಾಸ್ ಪೆಟ್ಟಿಗೆಯ ಕಾಲದ ಲಂಗದ ತುಂಡೊಂದನ್ನು ತ್ರಿಕೋನವಾಗಿ ಹಚ್ಚಿದ್ದಾರೆ. ಉಳಿದ 16 ಸೀರೆ ಗಂಟಿನಲ್ಲೇ ಇವೆ. ಬಾಂಡೆಯವಳು ಬಂದರೆ ಕೇಳಬೇಕು ಅಂತ ಅವ್ವ ಬಾಗಿಲ ಹತ್ತಿರ ಇಟ್ಟಿದ್ದಾಳೆ. ಮೂರು ತಿಂಗಳಾಯಿತು, ಬಾಂಡೆಯವಳು ಓಣಿಗೆ ಬಂದಿಲ್ಲ.